ಐರ್ಲೆಂಡಿನಲ್ಲಿ ಹತ್ತು ಕಡಿಮೆ

ಕಂಕನಾಡಿ, ಹೊರಡುವ ಮೊದಲು

ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಫೋಟೋಗೆ ಕೂತೆ. ಕಂಕನಾಡಿಯ ಸ್ಟುಡಿಯೋದವರು "ನಗಬೇಡಿ ಆಂಟಿ" ಎಂದರು. ಮೂವತ್ತಾರು ವರ್ಷ ಮೂರನೇ, ನಾಲ್ಕನೇ ಕ್ಲಾಸಿಗೆ ಮ್ಯಾಥ್ಸ್ ಕಲಿಸಿದವಳಿಗೆ ಆ ಮಾತನ್ನು ಯಾರೂ ಹೇಳಬೇಕಾಗಿಲ್ಲ.

ನನ್ನನ್ನು ಐರ್ಲೆಂಡಿಗೆ ಕರೆಸಿದವಳು ತಂಗಿಯ ಮಗಳು ಸುಜಾತಾ. ಅತ್ತಾವರದಲ್ಲಿ ನರ್ಸಿಂಗ್ ಓದಿದಳು, ಕೆಲವು ವರ್ಷ ಮಸ್ಕತ್‌ನಲ್ಲಿ ಇದ್ದಳು, ಈಗ ಐರ್ಲೆಂಡಿನ ಪಡುವಣ ತೀರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಗಂಡ ಇನ್ನೂ ಮಸ್ಕತ್‌ನಲ್ಲೇ. ಅವಳ ಜೊತೆ ಇರುವುದು ಒಂಬತ್ತು ವರ್ಷದ ಮಗಳು ತನ್ವಿ. ನಾವು ಮನೆಯಲ್ಲಿ ಮಾತಾಡುವುದು ತುಳು. ಓದುವವರಿಗೆ ತೊಂದರೆಯಾಗಬಾರದೆಂದು ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ದೊಡ್ಡಮ್ಮಾ, ತನ್ವಿಗೆ ಮ್ಯಾಥ್ಸ್ ತಲೆಗೇ ಹೋಗುವುದಿಲ್ಲ" ಎಂದು ಸುಜಾತಾ ಫೋನಿನಲ್ಲಿ ಹೇಳಿದಳು. "ಮೇ ತಿಂಗಳಲ್ಲಿ ಒಂದು ಟೆಸ್ಟ್ ಉಂಟಂತೆ. ಅದರಲ್ಲಿ ಆಗದಿದ್ರೆ ಮ್ಯಾಥ್ಸ್ ಪೀರಿಯಡ್ ಬಂದಾಗ ಇವಳನ್ನು ಕ್ಲಾಸಿನಿಂದ ಎಬ್ಬಿಸಿ ಬೇರೆ ಸಣ್ಣ ರೂಮಿನಲ್ಲಿ ಕೂರಿಸ್ತಾರಂತೆ. ಅವಳ ಬೆಸ್ಟ್ ಫ್ರೆಂಡನ್ನು ಬಿಟ್ಟು ಹೋಗ್ಬೇಕಲ್ಲ, ಈಗಲೇ ಅಳಲಿಕ್ಕೆ ಶುರು."

"ಎಂತ ಬರುವುದಿಲ್ಲ ಅವಳಿಗೆ?"

"ಕಳೆಯುವ ಲೆಕ್ಕ."

ನನಗೆ ನಗು ಬಂತು. ಕಳೆಯುವ ಲೆಕ್ಕಕ್ಕೆ ಅಳುವುದೆಂದರೆ ಇಡ್ಲಿ ತಿನ್ನಲು ಹಲ್ಲು ಕಟ್ಟಿಸಿಕೊಂಡ ಹಾಗೆ. "ಟಿಕೆಟ್ ಮಾಡು" ಎಂದೆ.

ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನನಗೆ ಕಾನ್ವೆಂಟಿನಲ್ಲಿ ಲೆಕ್ಕ ಕಲಿಸಿದ ಸಿಸ್ಟರ್ ಬರ್ನಡೀನ್ ಐರ್ಲೆಂಡಿನವರು. ಸನ್ಯಾಸಿನಿಯರ ಬಿಳಿ ನಿಲುವಂಗಿ, ಕಪ್ಪು ಶೂಸ್, ಕೈಯಲ್ಲಿ ಅಡಿಪಟ್ಟಿ. ಅವರ ಕ್ಲಾಸಿನಲ್ಲಿ ನೊಣ ಹಾರಿದರೆ ಅದೂ ಪರ್ಮಿಶನ್ ಕೇಳಿಯೇ ಹಾರುತ್ತಿತ್ತು. ಅಂಥವರನ್ನು ಹೆತ್ತ ದೇಶವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಹಳೆಯ ಆಸೆ. ಆಸೆಗಳನ್ನು ಅಷ್ಟು ವರ್ಷ ಇಟ್ಟುಕೊಳ್ಳಬಾರದು, ಹುಳಿ ಬರುತ್ತವೆ.

ಮೊದಲ ದಿನ

ಹುಳಿಯ ಮಾತು ಬಂದಿತಲ್ಲ, ಸೂಟ್‌ಕೇಸ್ ತೆರೆದಾಗ ಮಿಡಿ ಉಪ್ಪಿನಕಾಯಿಯ ಬಾಟ್ಲಿ ಬಾಯಿ ಬಿಟ್ಟುಕೊಂಡಿತ್ತು. ತನ್ವಿಗೆಂದು ತಂದ ಮಗ್ಗಿ ಪುಸ್ತಕ ಏಳರಿಂದ ಹದಿಮೂರರವರೆಗೆ ಖಾರದ ರಸ ಕುಡಿದು ಕೆಂಪಾಗಿತ್ತು. ತನ್ವಿ ಮೂಸಿ ನೋಡಿ, "ಅಜ್ಜೀ, ಏಳರ ಮಗ್ಗಿ ಸ್ಪೈಸಿ ಉಂಟು" ಎಂದಳು. ಆ ಮಗು ದಡ್ಡಿಯಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಊರಿನ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಒಂದು ರಸ್ತೆ, ಒಂದು ಇಗರ್ಜಿ, ಎಣಿಸಿದಷ್ಟೂ ಮುಗಿಯದ ಕುರಿಗಳು. ಜನರೆಲ್ಲ ಎದುರಾದ ತಕ್ಷಣ ಹವಾಮಾನ ಹೇಳುತ್ತಾರೆ, ನಮಗೆ ಕಣ್ಣಿಲ್ಲವೋ ಎಂಬಂತೆ. ಕರ್ಚೀಫು ಒದ್ದೆಯಾಗದಷ್ಟು ಹನಿ ಬಿದ್ದರೆ "ಟೆರಿಬಲ್ ರೇನ್" ಎನ್ನುತ್ತಾರೆ. ಜೂನ್ ತಿಂಗಳ ನಮ್ಮೂರಿನ ಮಳೆಯಲ್ಲಿ ಒಂದು ಸಲ ಪಂಪ್‌ವೆಲ್ ಸರ್ಕಲ್ಲಿನಲ್ಲಿ ತಂದು ನಿಲ್ಲಿಸಬೇಕು ಇವರನ್ನು. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಹಾಗೆ ಹೇಳುತ್ತಾ ನಿಂತರೆ ಕಂಡಕ್ಟರ್ ಎರಡು ಸ್ಟಾಪ್ ಮುಂದೆ ಇಳಿಸಿಯಾನು. ಸಂಜೆ ಒಂಬತ್ತಾದರೂ ಹೊತ್ತು ಮುಳುಗುವುದಿಲ್ಲ. "ಬೆಳಕಿರುವಾಗ ಯಾರು ಮಲಗ್ತಾರೆ?" ಎಂದು ತನ್ವಿಯ ವಾದ. ಒಂದು ದೇಶಕ್ಕೆ ಸೂರ್ಯನಲ್ಲೇ ಡಿಸಿಪ್ಲಿನ್ ಇಲ್ಲದಿದ್ದರೆ ಮಕ್ಕಳಲ್ಲಿ ಎಲ್ಲಿಂದ ಬರಬೇಕು?

ಶಾಲೆಯ ಗೇಟು

ಮರುದಿನ ತನ್ವಿಯನ್ನು ಬಿಡಲು ನಾನೇ ಹೋದೆ. ಶಾಲೆಯ ಎದುರು ಮಕ್ಕಳನ್ನು ರಸ್ತೆ ದಾಟಿಸಲು ಒಬ್ಬಳು ಹೆಂಗಸು ನಿಂತಿರುತ್ತಾಳೆ. ಹೆಸರು ನೋರೀನ್. ಹೆಚ್ಚುಕಡಿಮೆ ನನ್ನದೇ ವಯಸ್ಸು, ಆದರೆ ತೆಂಗಿನ ಮರದಂಥ ಎತ್ತರ. ಹಳದಿ ಕೋಟು, ಕೈಯಲ್ಲಿ ಉದ್ದದ ಕೋಲು, ಕೋಲಿನ ತುದಿಯಲ್ಲಿ 'ಸ್ಟಾಪ್' ಎಂದು ಬರೆದ ದುಂಡು ಹಲಗೆ. ಆ ಕೋಲು ಕಡ್ಡಿಮಿಠಾಯಿಯ ಹಾಗೆ ಕಾಣುವುದರಿಂದ ಅವಳನ್ನು ಲಾಲಿಪಾಪ್ ಲೇಡಿ ಎನ್ನುತ್ತಾರೆ. ಅವಳು ಕೋಲು ಎತ್ತಿದರೆ ಲಾರಿಯೂ ನಿಲ್ಲುತ್ತದೆ. ನಮ್ಮಲ್ಲಿ ಕೋಲು ನಿಂತೀತು, ಲಾರಿ ನಿಲ್ಲುವುದಿಲ್ಲ.

"ನೀವು ತನ್ವಿಯ ಗ್ರ್ಯಾನಿಯಾ? ಸಾಫ್ಟ್ ಡೇ, ಥ್ಯಾಂಕ್ ಗಾಡ್" ಎಂದಳು. ತುಂತುರು ಮಳೆಯ ದಿನಕ್ಕೆ ಇವರು ಸಾಫ್ಟ್ ಡೇ ಎನ್ನುತ್ತಾರೆ. ನಾನು ಅವಳ ಹೆಗಲಿನ ಮಟ್ಟಕ್ಕೆ ಬರುತ್ತಿದ್ದೆ. ಕತ್ತೆತ್ತಿ ನಮಸ್ಕಾರ ಮಾಡಿದೆ.

ಆ ವಾರ ಅಜ್ಜ ಅಜ್ಜಿಯರು ಕ್ಲಾಸಿನಲ್ಲಿ ಕೂತು ನೋಡಬಹುದೆಂದು ಒಂದು ಬೆಳಗ್ಗೆ ಇಟ್ಟಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟುಕೊಂಡು ಹೋದೆ. ಸಿಸ್ಟರ್ ಬರ್ನಡೀನ್‌ರ ನಾಡಿನ ಮ್ಯಾಥ್ಸ್ ಕ್ಲಾಸ್!

ಏನು ನೋಡಿದೆ ಹೇಳುತ್ತೇನೆ. ಟೀಚರ್ ಮಿಸ್ ಕೀವಾ ಸ್ಪೋರ್ಟ್ಸ್ ಶೂಸ್ ಹಾಕಿ ಮೇಜಿನ ಮೇಲೆ ಕೂತಿದ್ದಳು. ಕುರ್ಚಿಯ ಮೇಲಲ್ಲ, ಮೇಜಿನ ಮೇಲೆ. ಇಪ್ಪತ್ತೆರಡೇ ಮಕ್ಕಳು. ಅದರಲ್ಲಿ ಅರ್ಧ ನೆಲದಲ್ಲಿ ಮಲಗಿದ್ದವು. ಐಸ್‌ಕ್ರೀಂ ಕಡ್ಡಿಗಳನ್ನು ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು ಎಲ್ಲೆಲ್ಲೂ. ಕಡ್ಡಿ ಎಣಿಸುವುದನ್ನು ನಾವು ಒಂದನೇ ಕ್ಲಾಸಿನಲ್ಲೇ ಬಿಡಿಸಿಬಿಡುತ್ತೇವೆ, ಬಾಯಿಂದ ಬೆರಳು ಬಿಡಿಸಿದ ಹಾಗೆ. ಇಲ್ಲಿ ಮೂರನೇ ಕ್ಲಾಸಿನಲ್ಲೂ ಅದೇ ಆಟ.

ಬೋರ್ಡಿನಲ್ಲಿ ಒಂದೇ ಒಂದು ಲೆಕ್ಕ. ಒಬ್ಬ ಎದ್ದು ತಪ್ಪು ಉತ್ತರ ಹೇಳಿದ. ಮಿಸ್ ಕೀವಾ, "ಇಂಟರೆಸ್ಟಿಂಗ್! ಹೇಗೆ ಬಂತು ಹೇಳು" ಎಂದಳು. ಅವನು ಹೇಳಿದ. ಅರ್ಧ ದಾರಿಯಲ್ಲಿ ಅವನಿಗೇ ತಪ್ಪು ಗೊತ್ತಾಗಿ ತಲೆ ಕೆರೆದುಕೊಂಡ. ಎಲ್ಲರೂ ಚಪ್ಪಾಳೆ, ಮಿಸ್ ಅವನ ಪುಸ್ತಕಕ್ಕೆ ಚಿನ್ನದ ಬಣ್ಣದ ನಕ್ಷತ್ರ ಬೇರೆ ಅಂಟಿಸಿದಳು! ನಲವತ್ತು ನಿಮಿಷದಲ್ಲಿ ಒಂದು ಲೆಕ್ಕ. ಐವತ್ತೆಂಟು ಮಕ್ಕಳ ಕ್ಲಾಸಿನಲ್ಲಿ ನಲವತ್ತು ನಿಮಿಷಕ್ಕೆ ನಲವತ್ತು ಲೆಕ್ಕ ಮಾಡಿಸಿ, ಮಾರ್ಜಿನ್ ಗೆರೆ ಸೊಟ್ಟ ಇದ್ದವರಿಗೆ ಒಂದು ಮಾರ್ಕ್ ಕಡಿದವಳು ನಾನು. ತಪ್ಪಿಗೆ ಚಪ್ಪಾಳೆ ತಟ್ಟುವುದಾದರೆ ಸರಿ ಮಾಡಿದವನಿಗೆ ಏನು, ಮೆರವಣಿಗೆಯೇ?

ನಮ್ಮಲ್ಲೇನು ಮಹಾ ಎಂದು ಕೇಳಬೇಡಿ. ನಮ್ಮೂರಿನ ಶಕ್ತಿನಗರದಲ್ಲಿ ಈಗ ತಿರುವಿಗೊಂದು ಅಬಾಕಸ್ ಕ್ಲಾಸ್. ಮಕ್ಕಳು ಗಾಳಿಯಲ್ಲಿ ಬೆರಳಾಡಿಸಿ ದೊಡ್ಡ ದೊಡ್ಡ ಸಂಖ್ಯೆ ಕೂಡಿಸುತ್ತಾರೆ. ಅಂಗಡಿಗೆ ಕಳಿಸಿ ನೋಡಿ, ಚಿಲ್ಲರೆ ಸರಿ ತರುವುದಿಲ್ಲ. ಅದೂ ಹುಚ್ಚೇ, ಇದೂ ಹುಚ್ಚೇ. ಮಧ್ಯದಲ್ಲಿ ನಾನೊಬ್ಬಳು ಸರಿ ಇದ್ದೆ ಎಂಬ ನಂಬಿಕೆಯಲ್ಲಿ ಮನೆಗೆ ಬಂದೆ.

ಅಡುಗೆಮನೆಯ ಮೇಜು

ಇಲ್ಲಿಯ ಕಳೆಯುವ ಲೆಕ್ಕ ಹೀಗೆ. ಐವತ್ತೆರಡರಿಂದ ಇಪ್ಪತ್ತೇಳು ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ. ಆಗ ಮೇಲಿನ ಐದನ್ನು ಗೀಟು ಹಾಕಿ ಹೊಡೆದು ನಾಲ್ಕು ಮಾಡುತ್ತಾರೆ. ಅಲ್ಲಿಂದ ಬಿಡಿಸಿದ ಹತ್ತನ್ನು ಎರಡಕ್ಕೆ ಕೊಟ್ಟು ಹನ್ನೆರಡು ಮಾಡುತ್ತಾರೆ. ಹನ್ನೆರಡರಲ್ಲಿ ಏಳು ಹೋದರೆ ಐದು, ನಾಲ್ಕರಲ್ಲಿ ಎರಡು ಹೋದರೆ ಎರಡು. ಇಪ್ಪತ್ತೈದು. ಇದಕ್ಕೆ 'ರೀನೇಮಿಂಗ್' ಎಂದು ಹೆಸರು. ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲೂ ಇದೇ ಬಂದಿತ್ತು. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ನಾನು ಇದನ್ನು ಬೋರ್ಡಿನಲ್ಲಿ ಬರೆಯುತ್ತಿದ್ದೆ. ಅವರ ಜೀಪು ಗೇಟು ದಾಟಿದ ಕೂಡಲೇ ಡಸ್ಟರ್ ತೆಗೆದುಕೊಳ್ಳುತ್ತಿದ್ದೆ.

ಏಕೆಂದರೆ ಅಂಕಿಯನ್ನು ಹೊಡೆದು ಹಾಕುವುದು ಗಲೀಜು. ಸಿಸ್ಟರ್ ಬರ್ನಡೀನ್ ನಮಗೆ ಕಲಿಸಿದ್ದು 'ಬಾರೋ ಅಂಡ್ ಪೇ ಬ್ಯಾಕ್', ಅಂದರೆ ಕಡ ತಂದು ಹಿಂದೆ ಕೊಡುವುದು. ಎರಡಕ್ಕೆ ಒಂದು ಹತ್ತು ತಾ, ಹನ್ನೆರಡಾಯಿತು. ಏಳು ಹೋದರೆ ಐದು. ತಂದದ್ದನ್ನು ಹಿಂದೆ ಕೊಡು, ಅಂದರೆ ಕೆಳಗಿನ ಎರಡಕ್ಕೆ ಒಂದು ಸೇರಿಸು, ಮೂರಾಯಿತು. ಐದರಲ್ಲಿ ಮೂರು ಹೋದರೆ ಎರಡು. ಇಪ್ಪತ್ತೈದು. ಒಂದು ಗೀಟಿಲ್ಲ, ಒಂದು ಕಲೆಯಿಲ್ಲ. ಲೆಕ್ಕ ಎಂದರೆ ಮಲ್ಲಿಗೆ ಚೆಂಡಿನ ಹಾಗೆ ಇರಬೇಕು.

ಶಾಲೆ ಬಿಟ್ಟು ಬಂದ ತನ್ವಿಯನ್ನು ಮೇಜಿನ ಎದುರು ಕೂರಿಸಿ ಇದನ್ನೇ ಕಲಿಸಿದೆ. ದಿನಕ್ಕೆ ಇಪ್ಪತ್ತು ಲೆಕ್ಕ. ಮೂರನೇ ದಿನ ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಅಜ್ಜೀ, ಮೇಲಿನವರ ಹತ್ರ ತಗೊಂಡದ್ದಲ್ವಾ? ಮತ್ತೆ ಕೆಳಗಿನವರಿಗೆ ಯಾಕೆ ಕೊಡುವುದು?"

"ರೂಲ್ ಅಂದ್ರೆ ರೂಲ್. ಮುಂದಿನ ಲೆಕ್ಕ ಮಾಡು."

"ಆದ್ರೆ ಮೇಲಿನವರಿಗೆ ಬೇಜಾರಾಗುವುದಿಲ್ವಾ?"

"ತನ್ವೀ!"

ಮಗು ಪೆನ್ಸಿಲ್ ಎತ್ತಿಕೊಂಡಿತು. ನನಗೆ ಇನ್ನೊಂದು ಮುಖ ನೆನಪಾಯಿತು. ರೇವತಿ ಎಂದು ಹೆಸರು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಹುಡುಗಿ, ಎರಡು ಜಡೆ, ಮೂಗಿನ ಮೇಲೆ ಬೆವರು. ಅವಳೂ ಇದನ್ನೇ ಕೇಳಿದ್ದಳು. "ಟೀಚರ್, ಒಬ್ಬರ ಹತ್ರ ತಗೊಂಡು ಇನ್ನೊಬ್ಬರಿಗೆ ಕೊಟ್ರೆ ಅದು ಹಿಂದೆ ಕೊಟ್ಟದ್ದು ಹೇಗೆ?" ಕ್ಲಾಸ್ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿದೆ. ಸಿಸ್ಟರ್‌ರನ್ನು ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ. ಅಡಿಪಟ್ಟಿಯ ಅಂಚು ಬೆರಳ ಗಂಟಿನ ಮೇಲೆ ಬಿದ್ದಿತ್ತು. ಪಾಠ ಹೀಗೆಯೇ ಕೈಯಿಂದ ಕೈಗೆ ಬರುತ್ತದೆ.

ಭಾನುವಾರ, ಕಾನ್ವೆಂಟ್

ನಾನು ಬಂದ ಎರಡನೇ ಭಾನುವಾರ ಸುಜಾತಾಳಿಗೆ ರಜೆ ಇತ್ತು. ಊರಿನ ಹಳೆಯ ಕಾನ್ವೆಂಟ್ ನೋಡಬೇಕೆಂದೆ. ಕಲ್ಲಿನ ಕಟ್ಟಡ, ಎತ್ತರದ ಕಿಟಕಿಗಳು, ಬಾಗಿಲ ಮೇಲೆ ಶಿಲುಬೆ. ಎಲ್ಲ ನಾನು ಕನಸಿನಲ್ಲಿ ಕಂಡ ಹಾಗೇ. ಒಳಗೆ ಸನ್ಯಾಸಿನಿಯರು ಮಾತ್ರ ಇಲ್ಲ. ಬಾಗಿಲಿನ ಬಳಿ ಒಂದು ಬೋರ್ಡು: ಯೋಗ ಸ್ಟುಡಿಯೋ. ಚಾಪೆ ಸುತ್ತಿಕೊಂಡ ಹೆಂಗಸರು ಹೊರಗೆ ಬರುತ್ತಿದ್ದರು. ನನ್ನ ಸೀರೆ ನೋಡಿ ಒಬ್ಬಳು ಕೈಮುಗಿದು "ನಮಸ್ತೇ" ಎಂದು ಕಣ್ಣು ಮುಚ್ಚಿದಳು. ನಾನೇ ಅವಳ ಗುರು ಎಂಬಂತೆ. ನನಗೆ ಬಗ್ಗಿ ಚಪ್ಪಲಿಯ ಬಕಲ್ ಹಾಕಲೂ ಆಗುವುದಿಲ್ಲ.

"ದೊಡ್ಡಮ್ಮ, ಬೇಜಾರಾಯ್ತಾ?" ಎಂದಳು ಸುಜಾತಾ.

"ಎಂತದ್ದಕ್ಕೆ ಬೇಜಾರು? ಅವರ ಕಾನ್ವೆಂಟಿನಲ್ಲಿ ನಮ್ಮ ಯೋಗ, ನಿನ್ನ ಅಡುಗೆಮನೆಯಲ್ಲಿ ಅವರ ಸಬ್‌ಟ್ರ್ಯಾಕ್ಷನ್. ಬಾ, ಚಾ ಕುಡಿಯುವ."

ಆ ಚಾ ಕೂಡಾ ಡಾಂಬರಿನ ಹಾಗೆ ಇತ್ತು.

ಸೋಮವಾರದ ಚೀಟಿ

ಸೋಮವಾರ ತನ್ವಿಯ ಬ್ಯಾಗಿನಲ್ಲಿ ಒಂದು ಚೀಟಿ ಬಂತು. ಮಿಸ್ ಕೀವಾ ಬರೆದಿದ್ದಳು: ತನ್ವಿ ಮೊದಲು ನಿಧಾನ, ಆದರೆ ಅರ್ಧಕ್ಕಿಂತ ಹೆಚ್ಚು ಲೆಕ್ಕ ಸರಿ ಮಾಡುತ್ತಿದ್ದಳು. ಈ ಎರಡು ವಾರದಲ್ಲಿ ಹತ್ತರಲ್ಲಿ ಎರಡೂ ಸರಿ ಬರುತ್ತಿಲ್ಲ. ಶುಕ್ರವಾರದ ಟೆಸ್ಟ್ ಆದ ಮೇಲೆ ಸಣ್ಣ ರೂಮಿನ ವಿಷಯ ತೀರ್ಮಾನ ಮಾಡೋಣ.

ತನ್ವಿ ಸೋಫಾದ ಹಿಂದೆ ಹೋಗಿ ಕೂತಳು. ಸುಜಾತಾ ಯೂನಿಫಾರ್ಮಿನಲ್ಲೇ ನಿಂತು ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ನನ್ನನ್ನು ನೋಡಿದಳು.

"ದೊಡ್ಡಮ್ಮ, ನಾನು ಹೇಳ್ತೇನೆ ಅಂತ ಕೋಪ ಮಾಡ್ಬೇಡಿ. ನೀವು ಬಂದ ಮೇಲೆ ಅವಳಿಗೆ ಇದ್ದದ್ದೂ ಹೋಗಿದೆ."

"ನಾನು ಕಲಿಸಿದ ಲೆಕ್ಕ ತಪ್ಪುವುದಿಲ್ಲ. ಆ ಮೇಜಿನ ಮೇಲೆ ಕೂರುವ ಟೀಚರನ್ನು ಕೇಳು."

"ಅವಳು ಮೇಜಿನ ಮೇಲೆ ಕೂರ್ಲಿ, ಫ್ಯಾನಿನಲ್ಲಿ ನೇತಾಡ್ಲಿ, ನನಗೆ ಎಂತ? ನನ್ನ ಮಗಳು ತಾನು ಸ್ಟುಪಿಡ್ ಅಂತ ತಾನೇ ಹೇಳ್ಲಿಕ್ಕೆ ಶುರು ಮಾಡಿದ್ದಾಳೆ."

ಸೋಫಾದ ಹಿಂದಿನಿಂದ ಮೂಗು ಸೇದುವ ಸದ್ದು ಬಂತು. ಕೋಪದಲ್ಲೇ ಕನ್ನಡಕ ಹಾಕಿ ತನ್ವಿಯ ಶಾಲೆಯ ಕಾಪಿ ಬಿಡಿಸಿದೆ. ನೋಟ್‌ಬುಕ್ಕಿಗೆ ಇವರೂ ಕಾಪಿ ಎನ್ನುತ್ತಾರೆ, ಸಿಸ್ಟರ್‌ರ ಕಾಲದ್ದು ಅಷ್ಟು ಮಾತ್ರ ಇನ್ನೂ ಉಳಿದಿದೆ. ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಹದಿನೈದು. ಎಪ್ಪತ್ತೊಂದರಲ್ಲಿ ಮೂವತ್ತಾರು ಹೋದರೆ ಇಪ್ಪತ್ತೈದು. ಅರವತ್ತನಾಲ್ಕರಲ್ಲಿ ಹತ್ತೊಂಬತ್ತು ಹೋದರೆ ಮೂವತ್ತೈದು. ಎಲ್ಲ ಉತ್ತರಗಳೂ ತಪ್ಪು. ಎಲ್ಲವೂ ಸರಿಯಾಗಿ ಹತ್ತೇ ಕಡಿಮೆ.

ಮಕ್ಕಳ ತಪ್ಪು ನೋಡಿ ನೋಡಿ ಕಣ್ಣು ಮಂಜಾದವಳು ನಾನು. ಅಜಾಗರೂಕತೆಯ ತಪ್ಪು ಹುಲ್ಲಿನ ಹಾಗೆ, ಎಲ್ಲೆಂದರಲ್ಲಿ ಏಳುತ್ತದೆ. ಇದು ಸಾಲಾಗಿ ನೆಟ್ಟ ತಪ್ಪು. ಪುಸ್ತಕವನ್ನು ಬೆಳಕಿಗೆ ಹಿಡಿದೆ. ಮೇಲಿನ ಐದಕ್ಕೆ ಮಿಸ್ ಕೀವಾ ಹೇಳಿದ ಹಾಗೆ ಗೀಟು ಹೊಡೆದು ನಾಲ್ಕು ಮಾಡಿದ್ದಳು. ಕೆಳಗಿನ ಎರಡರ ಪಕ್ಕದಲ್ಲಿ, ಕಂಡೂ ಕಾಣದಂತೆ ಪೆನ್ಸಿಲಿನ ಒಂದು ಚುಕ್ಕೆ. ಅದು ನಾನು ಕಲಿಸಿದ್ದು, ಸೇರಿಸಿದ ಒಂದರ ಗುರುತು. ಪೇ ಬ್ಯಾಕ್. ನಾಲ್ಕರಲ್ಲಿ ಮೂರು ಹೋಗಿ ಒಂದು.

"ತನ್ವೀ, ಎರಡೂ ಯಾಕೆ ಮಾಡಿದ್ದು?"

ಸೋಫಾದ ಹಿಂದಿನಿಂದ ಉತ್ತರ ಬಂತು: "ಮಿಸ್ಸಿಗೂ ಬೇಜಾರಾಗ್ಬಾರ್ದು, ನಿಮಗೂ ಬೇಜಾರಾಗ್ಬಾರ್ದು."

ಎರಡು ವಾರದಿಂದ ಆ ಮಗು ಇಬ್ಬರು ಟೀಚರ್‌ಗಳನ್ನು ಒಂದೇ ಲೆಕ್ಕದಲ್ಲಿ ಸಾಕುತ್ತಿತ್ತು. ಕಂಕನಾಡಿಗೆ ಎರಡು ದಾರಿಯಿಂದ ಬಸ್ ಹೋಗುತ್ತದೆ. ಯಾವುದರಲ್ಲಿ ಕೂತರೂ ಮುಟ್ಟಬಹುದು. ಒಂದು ಕಾಲು ಇದರಲ್ಲಿ, ಒಂದು ಕಾಲು ಅದರಲ್ಲಿ ಇಟ್ಟರೆ ರಸ್ತೆಯೇ ಗತಿ. ಮಗುವಿನ ಕಾಲನ್ನು ಅಲ್ಲಿ ಇಡಿಸಿದವಳು ನಾನೇ.

ಫುಟ್‌ಪಾತಿನ ಅಂಚು

"ಅಜ್ಜಿಯದ್ದು ಬಿಟ್ಟುಬಿಡು, ಮಿಸ್ ಹೇಳಿದ್ದೊಂದೇ ಮಾಡು" ಎಂದು ಹೇಳಿದರೆ ಮುಗಿಯುತ್ತಿತ್ತು. ಹೇಳಿದೆ ಕೂಡಾ. ತನ್ವಿ ತಲೆಯಾಡಿಸಿ ಪುನಃ ಚುಕ್ಕೆ ಇಟ್ಟಳು. "ಅದು ಯಾಕೆ ಅಂತ ಗೊತ್ತಾಗದೆ ಬಿಡ್ಲಿಕ್ಕೆ ಆಗುವುದಿಲ್ಲ ಅಜ್ಜಿ, ಕೈ ತಾನೇ ಹೋಗ್ತದೆ" ಎಂದಳು. ಹೌದು, ಅರ್ಥವಾಗದ್ದು ಬಾಯಿಪಾಠವಾದರೆ ಬಿಡಿಸುವುದು ಕಷ್ಟ. ಅರವತ್ತೈದು ವರ್ಷದಿಂದ ನನ್ನ ಕೈ ತಾನೇ ಹೋಗುತ್ತಿದೆ.

ಬುಧವಾರ ಬೆಳಗ್ಗೆ ಮಕ್ಕಳೆಲ್ಲ ಒಳಗೆ ಹೋದ ಮೇಲೆ ನೋರೀನ್‌ಳನ್ನು ಕೇಳಿದೆ: "ನಿಮಗೆ ಶಾಲೆಯಲ್ಲಿ ಕಳೆಯುವುದು ಹೇಗೆ ಕಲಿಸಿದ್ರು?"

ಅವಳು ಕೋಲನ್ನು ನೆಲಕ್ಕೆ ಕುಟ್ಟಿ ಮಂತ್ರದ ಹಾಗೆ ಹೇಳಿದಳು: "ಬಾರೋ ವನ್, ಪೇ ಬ್ಯಾಕ್ ವನ್! ಆ ಕಾನ್ವೆಂಟಿನಲ್ಲೇ ಕಲಿತದ್ದು, ಈಗ ಯೋಗ ಮಾಡುವ ರೂಮಿನಲ್ಲಿ."

ನನಗೆ ಕಣ್ಣಿನಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ದೂರ ಬಂದು ಸಿಸ್ಟರ್‌ರ ಧ್ವನಿ ಸಿಕ್ಕಿದ್ದು ಒಬ್ಬಳು ಲಾಲಿಪಾಪ್ ಲೇಡಿಯ ಬಾಯಲ್ಲಿ.

"ಹಿಂದೆ ಕೊಡುವುದು ಕೆಳಗಿನ ಅಂಕಿಗೆ ಯಾಕೆ ಅಂತ ಗೊತ್ತುಂಟಾ?"

"ಯಾಕೆ ಅಂತ ಕೇಳಿದವರ ಅಂಗೈ ಕೆಂಪಾಗ್ತಿತ್ತು, ಡಿಯರ್. ನಾವು ಕೇಳ್ಲಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಇಬ್ಬರು ಮುದುಕಿಯರು, ಎರಡು ಖಂಡ, ಒಂದೇ ಅಜ್ಞಾನ.

ಅಷ್ಟರಲ್ಲಿ ತಡವಾಗಿ ಬಂದ ತಾಯಿಯೊಬ್ಬಳನ್ನು ದಾಟಿಸಲು ನೋರೀನ್ ರಸ್ತೆಗೆ ಇಳಿದಳು. ಫುಟ್‌ಪಾತಿನ ಮೇಲಿದ್ದ ನಾನು ಇದ್ದಕ್ಕಿದ್ದಂತೆ ಅವಳ ಕಿವಿಯ ಮಟ್ಟಕ್ಕೆ ಬಂದೆ. ಅವಳು ಮೇಲೆ ಬಂದಳು. ಪುನಃ ಹೆಗಲು. ಸುಮ್ಮನೆ ನಾನು ಕೆಳಗೆ ಇಳಿದೆ, ಅವಳ ಕಂಕುಳಿನ ಮಟ್ಟಕ್ಕೆ ಬಂದೆ. "ಸ್ವಲ್ಪ ನೀವೂ ಇಳಿಯಿರಿ" ಎಂದೆ. ಅವಳೂ ಇಳಿದಳು. ಪುನಃ ಹೆಗಲು.

ಇಬ್ಬರೂ ಮೇಲಿದ್ದರೂ ಹೆಗಲು, ಇಬ್ಬರೂ ಕೆಳಗಿದ್ದರೂ ಹೆಗಲು.

"ಆರ್ ಯೂ ಆಲ್‌ರೈಟ್?" ಎಂದು ನೋರೀನ್ ನನ್ನ ತೋಳು ಹಿಡಿದಳು. ತಲೆಸುತ್ತು ಬಂದಿದೆ ಎಂದುಕೊಂಡಿರಬೇಕು. ಬಂದದ್ದು ತಲೆಸುತ್ತಲ್ಲ. ತಲೆ ಮೊದಲ ಬಾರಿಗೆ ನೆಟ್ಟಗೆ ನಿಂತಿತ್ತು.

ಬೆಂಚಿನ ಮೇಲೆ

ಸುಜಾತಾಳ ಅಡುಗೆಮನೆಯಲ್ಲಿ ಗೋಡೆಗೆ ತಾಗಿ ಒಂದು ಉದ್ದದ ಬೆಂಚು ಉಂಟು. ಸಂಜೆ ತನ್ವಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಪಕ್ಕದಲ್ಲಿ ನನ್ನದು. ಎರಡರ ನಡುವೆ ಒಂದು ಗೇಣು, ನಾಲ್ಕು ಬೆರಳು.

"ಈಗ ಇಬ್ಬರೂ ಬೆಂಚು ಹತ್ತುವ."

"ಅಜ್ಜಿ, ನೀವಾ?!"

ಹತ್ತಿದೆ. ಮಂಡಿ ಎರಡು ಸಲ ಸದ್ದು ಮಾಡಿತು. ಮೇಲೆ ಹೊಸ ಗುರುತು ಹಾಕಿದೆವು. ನಡುವೆ ಅದೇ ಒಂದು ಗೇಣು, ನಾಲ್ಕು ಬೆರಳು.

"ನೋಡು ಮಗಾ. ಮೇಲಿನ ಸಂಖ್ಯೆಗೆ ಹತ್ತು ಕೊಟ್ಟದ್ದು ಅದನ್ನು ಬೆಂಚು ಹತ್ತಿಸಿದ ಹಾಗೆ. ಕೆಳಗಿನದ್ದಕ್ಕೂ ಹತ್ತು ಕೊಟ್ಟೆವು, ಅದೂ ಹತ್ತಿತು. ಐವತ್ತೆರಡು ಅರವತ್ತೆರಡಾಯ್ತು, ಇಪ್ಪತ್ತೇಳು ಮೂವತ್ತೇಳಾಯ್ತು. ನಡುವಿನದ್ದು ಬದಲಾಯ್ತಾ?"

ತನ್ವಿ ಗೋಡೆಯ ಗುರುತುಗಳನ್ನು ಒಂದೊಂದಾಗಿ ಬೆರಳು ತೋರಿಸಿ ನೋಡಿದಳು. "ಹಾಗಾದ್ರೆ ಯಾರೂ ಯಾರ ಹತ್ರವೂ ತಗೊಂಡದ್ದೇ ಇಲ್ಲ?"

"ಇಲ್ಲ."

"ಮತ್ತೆ ಬಾರೋ ಅಂತ ಯಾಕೆ ಹೇಳ್ತೀರಿ?"

ಯಾರೂ ತೆಗೆದುಕೊಳ್ಳದ್ದನ್ನು ಹಿಂದೆ ಕೊಡಿಸುತ್ತಾ ಮೂವತ್ತಾರು ವರ್ಷ ಕಳೆದಿದ್ದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ಓ! ನಾನು ಮಿಸ್ ಹೇಳಿದ ಹಾಗೆ ಮೇಲಿನ ಹತ್ತನ್ನು ಒಡೆದೆ. ಅಂದ್ರೆ ಮೇಲಿನವರು ನೆಲದಲ್ಲೇ ಇದ್ದಾರೆ. ಆಮೇಲೆ ನಿಮ್ಮ ಚುಕ್ಕೆ ಇಟ್ಟೆ. ಕೆಳಗಿನವರು ಒಬ್ಬರೇ ಬೆಂಚು ಹತ್ತಿದ್ರು. ಅದಕ್ಕೇ ಹತ್ತು ಕಡಿಮೆ!"

ಸುಜಾತಾ ಡ್ಯೂಟಿ ಮುಗಿಸಿ ಬಾಗಿಲು ತೆರೆದಾಗ ಕಂಡದ್ದು ಬೆಂಚಿನ ಮೇಲೆ ಕೈ ಕೈ ಹಿಡಿದು ನಿಂತ ನಾವಿಬ್ಬರು.

"ದೊಡ್ಡಮ್ಮಾ! ಇಳಿಯಿರಿ ಮಾರಾಯ್ರೆ! ಸೊಂಟ ಮುರಿದ್ರೆ ನನ್ನ ವಾರ್ಡಿಗೇ ಬರುವುದು ನೀವು!"

"ಬಂದ್ರೆ ಬಂದೆ. ಮೊದಲು ನಿನ್ನ ಮಗಳ ಪುಸ್ತಕ ನೋಡು."

ಹತ್ತರಲ್ಲಿ ಹತ್ತು ಸರಿ ಇತ್ತು. ಐದು ಮಿಸ್ಸಿನ ದಾರಿಯಲ್ಲಿ, ಐದು ನನ್ನ ದಾರಿಯಲ್ಲಿ.

ಗುರುವಾರ, ಶುಕ್ರವಾರ

ಗುರುವಾರ ಮಿಸ್ ಕೀವಾಳ ಮುಂದೆ ನಿಂತು ತಪ್ಪು ನನ್ನದು ಎಂದೆ. ಹಾಗೆ ಯಾವ ಹೆಡ್‌ಮಿಸ್ಟ್ರೆಸ್ಸಿನ ಮುಂದೆಯೂ ನಾನು ಹೇಳಿದ್ದಿಲ್ಲ. ಮೇಜಿನ ಮೇಲೆ ಕೂತಿದ್ದವಳು ಕೆಳಗೆ ಇಳಿದಳು, ಅದನ್ನು ಹೇಳಬೇಕು. "ನಿಮ್ಮ ಮೆಥಡ್ ಹೇಗೆ ಕೆಲಸ ಮಾಡ್ತದೆ? ನನ್ನ ಅಜ್ಜಿಯೂ ಹಾಗೇ ಮಾಡ್ತಿದ್ರು, ಕೇಳಿದ್ರೆ ಬೈತಿದ್ರು" ಎಂದಳು.

ನಾನು ಗಂಭೀರವಾಗಿ, ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ, ಬೆಂಚಿನ ವಿಷಯ ವಿವರಿಸಿದೆ. ಹಿಂದಿನ ದಿನವಷ್ಟೇ ಕಲಿತದ್ದೆಂದು ಹೇಳಲಿಲ್ಲ. ಅವಳು "ಬ್ರಿಲಿಯಂಟ್!" ಎಂದಳು. ಅಂಗಡಿಯಲ್ಲಿ ಬ್ರೆಡ್ ಕೊಟ್ಟರೂ ಬ್ರಿಲಿಯಂಟ್ ಎನ್ನುವ ಜನ, ಅದನ್ನು ನಾನು ತಲೆಗೆ ಏರಿಸಿಕೊಳ್ಳಲಿಲ್ಲ. ಆದರೂ ಆ ದಿನ ನಡಿಗೆ ಸ್ವಲ್ಪ ಹಗುರವಾಗಿತ್ತು.

ಶುಕ್ರವಾರ ಟೆಸ್ಟ್. ಆ ಎರಡು ಗಂಟೆ ನಾನು ನೋರೀನ್ ಪಕ್ಕದಲ್ಲೇ ನಿಂತಿದ್ದೆ. ದಾಟಲು ಯಾರೂ ಇರಲಿಲ್ಲ. ಒಂದು ಕುರಿ ಬಂತು, ಅದನ್ನೂ ದಾಟಿಸಿದೆವು.

ಮುಂದಿನ ಬುಧವಾರ ಪೇಪರ್ ಬಂತು. ಇಪ್ಪತ್ತರಲ್ಲಿ ಹದಿನಾಲ್ಕು. ತಪ್ಪಿದ ಆರರಲ್ಲಿ ನಾಲ್ಕು ಗಡಿಯಾರ ನೋಡುವುದು. ಹೊತ್ತು ಮುಳುಗದ ಊರಿನಲ್ಲಿ ಅದನ್ನು ಮಗುವಿನ ತಪ್ಪು ಎನ್ನಲಾರೆ. ಕಳೆಯುವ ಲೆಕ್ಕ ಒಂದೂ ತಪ್ಪಿರಲಿಲ್ಲ. ತನ್ವಿ ಕ್ಲಾಸಿನಲ್ಲೇ, ಫ್ರೆಂಡಿನ ಪಕ್ಕದಲ್ಲೇ ಇರಬಹುದು ಎಂದು ಮಿಸ್ ಬರೆದಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ: ಅಜ್ಜಿ ಹೊಸದಾಗಿ ಏನಾದರೂ ಕಲಿಸುವ ಮೊದಲು ದಯವಿಟ್ಟು ನನಗೆ ತಿಳಿಸಲಿ. ಆಹಾ! ಮೂವತ್ತಾರು ವರ್ಷದ ಸರ್ವೀಸಿಗೆ ಮೇಜಿನ ಮೇಲೆ ಕೂರುವವಳಿಂದ ಪರ್ಮಿಶನ್! ಸುಜಾತಾ ನಕ್ಕು ನಕ್ಕು ಸಾಕಾಗಿ ಆ ಸಾಲನ್ನು ಮಸ್ಕತ್‌ಗೂ ಓದಿ ಹೇಳಿದಳು.

ಬಸ್ ಸ್ಟಾಪ್, ಹೊರಡುವ ದಿನ

ಏರ್‌ಪೋರ್ಟ್ ಬಸ್ಸಿಗೆ ಕಾಯುವಾಗ ತನ್ವಿ ಆ ಪೇಪರನ್ನು ನನ್ನ ಕೈಗೆ ಕೊಟ್ಟಳು. "ನಿಮಗೆ, ಊರಿಗೆ ತಗೊಂಡು ಹೋಗಿ." ಕೊನೆಯ ಪ್ರಶ್ನೆಯಲ್ಲಿ 'ನಿನಗೆ ಹೇಗೆ ಗೊತ್ತು, ಚಿತ್ರ ಬರೆದು ತೋರಿಸು' ಎಂದು ಇತ್ತು. ಅವಳು ಒಂದು ಬೆಂಚು ಬರೆದಿದ್ದಳು. ಬೆಂಚಿನ ಮೇಲೆ ಸೀರೆ ಉಟ್ಟ, ತುರುಬು ಕಟ್ಟಿದ, ಕನ್ನಡಕದ ಮುದುಕಿ. ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಮೂಲೆಯಲ್ಲಿ ಮಿಸ್ ಅಂಟಿಸಿದ ಚಿನ್ನದ ಬಣ್ಣದ ನಕ್ಷತ್ರ, ನಾನು ಎರಡು ವಾರ ಹಂಗಿಸಿದ ಅದೇ ನಕ್ಷತ್ರ.

"ನೀನು ಯಾವಾಗ ಎರಡು ಜಡೆ ಹಾಕಿದ್ದು?" ಎಂದೆ. ಅವಳ ಕೂದಲು ಗಿಡ್ಡ.

"ಚಂದ ಕಾಣ್ತದೆ ಅಂತ ಹಾಕಿದ್ದು."

ನಾನು ಆಗ ರೇವತಿಯ ವಿಷಯ ಹೇಳಿದೆ. ಯಾಕೆ ಹೇಳಿದೆನೋ. ನಿನ್ನ ಹಾಗೇ ಒಬ್ಬಳು ಇದ್ದಳು, ಇದೇ ಪ್ರಶ್ನೆ ಕೇಳಿದ್ದಳು, ನಾನು ಬೆಂಚಿನ ಮೇಲೆ ನಿಲ್ಲಿಸಿದೆ ಎಂದು. ತನ್ವಿಯ ಕಣ್ಣು ಅರಳಿತು. ಅದು ಶಿಕ್ಷೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಆ ಊರಿನ ಶಾಲೆಯಲ್ಲಿ ಅಂಥದ್ದಿಲ್ಲ.

"ಬೆಂಚು ಹತ್ತಿದ ಮೇಲೆ ಅವಳಿಗೆ ಗೊತ್ತಾಯ್ತಾ, ಅಜ್ಜಿ?"

"ಇಲ್ಲ ಮಗಾ."

"ಯಾಕೆ? ನೀವು ಹತ್ತಲಿಲ್ವಾ?"

ಬಸ್ ಬಂತು. ಡ್ರೈವರ್ ಇಳಿದು ನನ್ನ ಸೂಟ್‌ಕೇಸ್ ಎತ್ತಿಟ್ಟ. ನಾನು ಅವನಿಗೆ ಥ್ಯಾಂಕ್ಯೂ ಹೇಳಿ ಹತ್ತಿದೆ. ಕಿಟಕಿಯ ಆಚೆ ತನ್ವಿ ಇನ್ನೂ ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

ಇಲ್ಲ, ನಾನು ಹತ್ತಲಿಲ್ಲ. ರೇವತಿಗೆ ಬೆನ್ನು ಹಾಕಿ ಬೋರ್ಡಿನ ಮೇಲೆ ಮುಂದಿನ ಲೆಕ್ಕ ಬರೆದೆ.